ದಕ್ಷಿಣದ ಚಹರೆ

ರಾತ್ರಿ ಪಾಳಿ. ವುಪರ್ಟಾಲ್ ಪೊಲೀಸಿನ ಪತ್ರಿಕಾ ಶಾಖೆ,
ಮೂರನೇ ಮಹಡಿ. ಕಿಟಕಿಯಾಚೆ ಕೊನೆಯ ತೂಗುರೈಲು
ಹೊಳೆಯ ಮೇಲೆ ಖಾಲಿ ಹೊಟ್ಟೆಯಲ್ಲಿ
ನೇತಾಡಿಕೊಂಡು ಹೋಯಿತು.
ನನ್ನ ಮುಂದೆ ಎರಡು ವರದಿ.

ಔಷಧದಂಗಡಿಯ ಗಾಜು ಒಡೆದವನು ಸಿಕ್ಕಿದ್ದಾನೆ:
‘ಮೂವತ್ತನಾಲ್ಕರ ಸ್ಥಳೀಯ.’ ಅಷ್ಟೇ.
ಅವನಿಗೆ ಮುಖವಿಲ್ಲ, ಕೂದಲಿಲ್ಲ,
ಅಜ್ಜಿಯ ಊರಿಲ್ಲ.

ಬಸ್ ನಿಲ್ದಾಣದಲ್ಲಿ ಕೈಚೀಲ ಕಿತ್ತವನು ಸಿಕ್ಕಿಲ್ಲ.
‘ದಕ್ಷಿಣದ ಚಹರೆ’ ಎಂದು ಮೊದಲ ಸಾಲಿಗೇ
ತೋರಣ ಕಟ್ಟಿದ್ದಾನೆ ಪೇದೆ.
ಟೆನ್‌ಹಾಗನ್ ಅಜ್ಜಿ ನಿಜಕ್ಕೂ ಹೇಳಿದ್ದು ಕೆಳಗೆಲ್ಲೋ ಇತ್ತು:
ಎಡಗಾಲು ಎಳೆಯುತ್ತಿದ್ದ. ಗೋಡೆಗೆ ಬಳಿಯುವ
ಬಣ್ಣದ ವಾಸನೆ. ಕೆಂಪು ಬೂಟು.
ಮುಖವೇ? ಟೊಪ್ಪಿಗೆಯೊಳಗಿತ್ತು, ಕಾಣಲಿಲ್ಲ.

ಡೀಕ್‌ಹೋಫ್ ಸಾಹೇಬರನ್ನು ಕೇಳಿದೆ:
ದಕ್ಷಿಣ ಅಂದರೆ ಎಲ್ಲಿಂದ ಶುರು? ಕೊಲೋನಿನಾಚೆ?
ಮ್ಯೂನಿಕ್ಕಿನವರೂ ನಮಗೆ ದಕ್ಷಿಣವೇ ತಾನೆ?
ಕಾಫಿ ಕಲಕುತ್ತ ನಕ್ಕರು:
‘ಎಲ್ಲರಿಗೂ ಗೊತ್ತಾಗುತ್ತೆ, ಗುಲ್ಸೆರೆನ್.’

ಗೊತ್ತು. ನನ್ನಪ್ಪನಿಗೂ ಗೊತ್ತು.
ನಲವತ್ತು ವರ್ಷ ಅದೇ ನಿಲ್ದಾಣದಲ್ಲಿ ಬಸ್ಸಿಗೆ ಕಾದವನು
ಇಂಥ ಸುದ್ದಿ ಬಂದ ಮರುದಿನ
ಜೇಬಿನಿಂದ ಕೈ ಹೊರಗಿಟ್ಟುಕೊಂಡೇ ನಿಲ್ಲುತ್ತಾನೆ,
ಜನವರಿಯ ಚಳಿಯಲ್ಲೂ.
ಕುಂಬಳಕಾಯಿ ಕಳ್ಳ ಎಂದರೆ
ಕದಿಯದವರು ಹೆಗಲು ಮುಟ್ಟಿಕೊಳ್ಳುವ ಊರು ಇದು.

ಆ ಪದ ಅಳಿಸಿದೆ. ಕಾಲು, ವಾಸನೆ, ಬೂಟು
ಮೇಲಕ್ಕೆ ತಂದೆ. ಕಳಿಸಿದಾಗ ಎರಡೂ ಹತ್ತು.

ಬೆಳಿಗ್ಗೆ ಏಳರಿಂದ ಫೋನು. ಹದಿನೇಳು ಕರೆ.
ಯಾರೂ ಕೆಂಪು ಬೂಟು ಕಂಡೆ ಎನ್ನಲಿಲ್ಲ.
‘ಎಲ್ಲಿಯವನು? ಯಾಕೆ ಮುಚ್ಚಿಡ್ತೀರಿ?
ಬರೆದಿಲ್ಲ ಅಂದರೆ ಅವರವನೇ.’
ಬರೆದರೆ ಬಟ್ಟೆಯ ಮೇಲೆ ಕಲೆ,
ಬರೆಯದಿದ್ದರೆ ಕಲೆ ಒರೆಸಿದ ಒದ್ದೆ.

ಪಾಳಿ ಮುಗಿದರೂ ಕೂತೇ ಇದ್ದೆ.
ಹದಿನೆಂಟನೆಯ ಕರೆ, ಬಾರ್ಮೆನ್ನಿನಿಂದ,
ಬೂಟು ರಿಪೇರಿಯ ಮುದುಕ:
‘ಈಗಷ್ಟೇ ಒಬ್ಬ ಬಿಟ್ಟು ಹೋದ. ಕೆಂಪು ಜೋಡಿ.
ಎಡಗಡೆಯದರ ತುದಿ ಮಾತ್ರ ಸವೆದಿದೆ.
ಸಂಜೆ ಬರ್ತಾನಂತೆ.’

ಸಂಜೆ ಸಿಕ್ಕ. ಹಾಳೆಯ ಮೇಲೆ ಹೆಸರಿದೆ.
ಸಾಹೇಬರು ಓದಿದರು, ಕೆಮ್ಮಿದರು,
ಹಾಳೆ ಮಗುಚಿಟ್ಟರು.

ನೀವೂ ಕೇಳುತ್ತಿದ್ದೀರಿ ತಾನೆ, ಒಳಗೊಳಗೇ?
ಆಮೇಲೆ ಹೇಳುತ್ತೇನೆ. ಮೊದಲು ಚೀಲ:
ಕನ್ನಡಕ, ಬಸ್ ಪಾಸು, ಅರ್ಧ ತಿಂದ ಬಿಸ್ಕತ್ತು.
ಅಜ್ಜಿ ಒಂದೊಂದೇ ತೆಗೆದು ಮೇಜಿನ ಮೇಲಿಟ್ಟರು,
ಎಲ್ಲ ಇದೆ ಎಂದರು.
ಅವರು ಕೇಳಿದ್ದು ಒಂದೇ:
‘ಬೂಟು ಕೆಂಪೇ ಇತ್ತು ತಾನೆ?’

ಕೆಂಪೇ.