ಖಾಲಿ ಸೀಸೆ

ಕಿನ್ಶಾಸಾದ ಮಾತೆತೆಯಲ್ಲಿ ಬೆಳಗು
ಮೊದಲು ಕಿವಿಗೆ ಆಗುತ್ತದೆ, ಆಮೇಲೆ ಕಣ್ಣಿಗೆ.

ಮರದ ಪೆಟ್ಟಿಗೆಯ ಮೇಲೆ ಬ್ರಷ್ಷಿನ ಬೆನ್ನು ಟಕ್ ಟಕ್ಕೆಂದರೆ
ಬೂಟು ಪಾಲಿಶಿನವನು.
ತುಟಿಯಲ್ಲಿ ಗುಬ್ಬಿ ಕೂತಂತೆ ಚೀಂ ಎಂದರೆ
ನೀರಿನ ಪೊಟ್ಟಣ ಮಾರುವ ಹುಡುಗ.
ಎರಡು ಗಾಜಿನ ಸೀಸೆ
ಟಿಣ್, ಟಿಣಿಟಿಣಿ, ಟಿಣ್
ಎಂದರೆ ಪ್ಲಾಮೆದಿ, ಉಗುರಿಗೆ ಬಣ್ಣ ಹಚ್ಚುವವನು.

ಅಂಗಡಿಯಿಲ್ಲ, ಬುಟ್ಟಿ ಇದೆ.
ಬೋರ್ಡು ಬರೆಸಲು ಹೋದ: ಅಕ್ಷರಕ್ಕಿಷ್ಟು ಎಂದರು.
ತನ್ನ ಹೆಸರು ಅಷ್ಟು ಉದ್ದವೆಂದು
ಅವನಿಗೆ ಅಂದೇ ಗೊತ್ತಾದದ್ದು.
ಬ್ಯಾಟರಿಯ ಕಹಳೆ, ಒಮ್ಮೆ ಕೂಗಿಟ್ಟರೆ ಸಾಕು
ದಿನವಿಡೀ ತಾನೇ ಕೂಗಿಕೊಳ್ಳುವಂಥದು,
ಒಂದು ತಿಂಗಳ ಉಗುರುಗಳ ಬೆಲೆ.
ಬೆರಳು ಮಾತ್ರ ಪುಕ್ಕಟೆ.
ಬೆರಳ ಸಂದಿಗೆ ಸಿಕ್ಕಿಸಿದ ಎರಡು ಸೀಸೆ, ಪುಕ್ಕಟೆ.

ಪುಕ್ಕಟೆ ಎಂದೆನೇ? ತಾಳಿ.

ತುಂಬಿದ ಕೊಡ ತುಳುಕುವುದಿಲ್ಲ ಅಂತ
ನಮ್ಮ ಕಡೆ ಮೆಚ್ಚಿ ಹೇಳುತ್ತಾರಲ್ಲ,
ಈ ಕಸುಬಿನಲ್ಲಿ ಅದೇ ದೊಡ್ಡ ತಾಪತ್ರಯ.
ತುಂಬಿದ ಸೀಸೆಗೆ ಕಂಠವಿಲ್ಲ.
ಬಡಿದರೆ ದೊಬ್ ಅನ್ನುತ್ತದೆ, ನೆಗಡಿಯಾದವರ ಹಾಗೆ.
ಯಾರೂ ಕೊಳ್ಳದ ಪಾಚಿಹಸಿರು ವರ್ಷದಿಂದ ಮೂಕ.
ಅರ್ಧಕ್ಕಿಳಿದ ಗುಲಾಬಿಗೆ ಸ್ವಲ್ಪ ಬಾಯಿ ಬಂದಿದೆ.
ತಳ ಕಂಡ ದ್ರಾಕ್ಷಿಗೆಂಪಿಗೊಂದೇ
ಮೂರು ಓಣಿಯಾಚೆಗೂ ನೆಟ್ಟಗೆ ಹೋಗುವ ಸ್ವರ.

ಎಲ್ಲರೂ ಕೇಳುವ ಬಣ್ಣ ಅದೇ.
ಖಾಲಿ ಸೀಸೆ ವಾಪಸು ಕೊಟ್ಟರೆ ಸಗಟಿನವ ತುಂಬಿಸಿ ಕೊಡುತ್ತಾನೆ,
ಹೊಸ ಸೀಸೆಗೆ ಬೇರೆ ದುಡ್ಡು.
ಬರುವ ವಾರ, ಬರುವ ವಾರ ಎನ್ನುತ್ತ
ಈಸ್ಟರಿನಿಂದ ಅದನ್ನು ಖಾಲಿಯೇ ಬಾರಿಸುತ್ತಿದ್ದಾನೆ.
ಜಾಹೀರಾತಿನ ಖರ್ಚು ಅಂದರೆ ಇದು.

ಗುರುವಾರ ಹೊಲಿಗೆಯ ಮಾಮಾ ಕ್ಲೋತಿಲ್ಡ್
(ಅಲ್ಲಿ ಮಾಮಾ ಎಂದರೆ ಅಮ್ಮ)
ಸ್ಟೂಲಿನ ಮೇಲೆ ಕಾಲಿಟ್ಟು ಹೇಳಿದಳು:
"ಹಾಡುತ್ತಿದೆಯಲ್ಲ, ಅದನ್ನೇ ಹಚ್ಚು."
"ಅದರಲ್ಲೇನೂ ಇಲ್ಲ, ಮಾಮಾ."
"ಇಲ್ಲದ್ದನ್ನು ಹಿಡಿದು ನನ್ನನ್ನೇಕೆ ಕರೆದೆ?"

ಅವನು ಬಗ್ಗಿ ಅವಳ ಕಿರುಬೆರಳನ್ನೇ ನೋಡಿದ.

ಕೊನೆಗೆ ಪಾಚಿಹಸಿರಿಗೇ ಕಾಲು ಕೊಟ್ಟಳು, ಅರ್ಧ ಬೆಲೆಗೆ.
ಊದಿ ಒಣಗಿಸುವಷ್ಟರಲ್ಲಿ ವ್ಯವಹಾರದ ಮಾತು:
"ನನ್ನ ಮಿಷನ್ನಿನ ಸದ್ದು ಹೊಸ್ತಿಲು ದಾಟದು.
ನೀನು ದಿನಾ ಈ ಬಾಗಿಲಲ್ಲಿ ನಿಂತು
ಮೂರು ಸಲ ಜೋರಾಗಿ ಬಾರಿಸು, ತಟ್ಟನೆ ನಿಲ್ಲಿಸು.
ಯಾಕೆ ನಿಂತಿತೆಂದು ಜನ ಇಣುಕುತ್ತಾರೆ.
ಇಣುಕಿದವರ ಕಣ್ಣಿಗೆ ನನ್ನ ರವಿಕೆಗಳ ಸಾಲು."
ಕೂಲಿ: ಅವನ ಹರಿದ ಜೇಬಿಗೆ ಹೊಲಿಗೆ,
ಸೀಸೆಗಳ ಅಳತೆಗೆ ಮೇಲೊಂದು ಜೇಬು.

ಮೊದಲ ವಾರ ಇಣುಕಿದ್ದು ಒಂದು ಮೇಕೆ,
ಬಾಡಿಗೆ ವಸೂಲಿಯವನು, ಮತ್ತೆ ಅದೇ ಮೇಕೆ.
ಎರಡನೆಯ ವಾರ ಒಬ್ಬಳು ಒಳಗೇ ಬಂದಳು.
ತಂಗಿಯ ಮದುವೆ, ಹದಿನಾಲ್ಕು ರವಿಕೆ, ಒಂದೇ ಬಟ್ಟೆ.
ಹೊರಗೆ ನಿಂತವನಿಗೂ ಕೂಗಿ ಹೇಳಿದಳು:
ಹದಿನಾಲ್ಕು ಜೊತೆ ಕೈ. ದ್ರಾಕ್ಷಿಗೆಂಪು.
ಹಣ ಮದುವೆಯ ಮೇಲೆ.

ಮುಂಗಡವಿಲ್ಲ. ಸೀಸೆ ಒಂದೇ.
ಅವನು ಸಗಟಿನವನ ಮುಂದೆ ನಿಂತು
ಕೊಡುವ ಮೊದಲು ಸುಮ್ಮನೆ ಒಮ್ಮೆ ಬಾರಿಸಿದ.
"ಬರ್ತೀಯಾ ಇಲ್ಲಾ?" ಎಂದ ಸಗಟಿನವ.

ಶನಿವಾರ ಅವನು ಓಣಿಯಲ್ಲಿ ನಡೆದುಹೋದದ್ದು
ಯಾರಿಗೂ ತಿಳಿಯಲಿಲ್ಲ.
ದೊಬ್, ದೊಬ್.
ಮಾಮಾ ಕ್ಲೋತಿಲ್ಡ್ ಕೂಡ ತಲೆಯೆತ್ತಲಿಲ್ಲ,
ಗುಂಡಿ ಹಾಕುವುದು ಬಾಕಿಯಿತ್ತು.

ಮದುವೆಮನೆಯ ಅಂಗಳದಲ್ಲಿ ಹೆಂಗಸರು ಸಾಲಾಗಿ ಕೂತು
ಕೈ ಚಾಚಿದರು, ನಗುತ್ತ, ಜಗಳವಾಡುತ್ತ,
ಒಬ್ಬಳಂತೂ ನಿದ್ದೆಯಲ್ಲಿ.
ಹನ್ನೊಂದನೆಯವಳ ಹೆಬ್ಬೆರಳು ಮುಗಿಸಿ
ಪ್ಲಾಮೆದಿ ಸೀಸೆಯನ್ನು ಕಿವಿಯ ಹತ್ತಿರ ಹಿಡಿದು
ಉಗುರಿನಿಂದ ಮೆಲ್ಲಗೆ ತಟ್ಟಿದ.

ಇನ್ನೂ ಸ್ವಲ್ಪ.