ಬೈಸ

ಅರಬ್ಬಿಯ ಬಾಯಿಗೆ ಪ-ಕಾರ ಒಗ್ಗುವುದಿಲ್ಲ,
ಹಾಗಾಗಿ ನಮ್ಮ ಪೈಸೆ ಇಲ್ಲಿ ಬೈಸ.
ಸಾವಿರ ಬೈಸ ಸೇರಿದರೆ ಒಂದು ರಿಯಾಲು.
ರೂವಿಗೆ ಬಂದ ಹೊಸತರಲ್ಲಿ ಒಬ್ಬಳೇ ನಕ್ಕಿದ್ದೆ:
ಖರ್ಚು ಮಾಡಿ ಬೈಸಿಕೊಳ್ಳಲಿಕ್ಕೇ ಇಟ್ಟ ಹೆಸರು!

ಬೈಯುವವರು ಯಾರೂ ಇರಲಿಲ್ಲ, ಅದೇ ತೊಂದರೆ.

ಜೂನಿನ ರಾತ್ರಿ ಎಂಟಕ್ಕೂ ಮೂವತ್ತೆಂಟು ಡಿಗ್ರಿ.
ಎಕ್ಸ್‌ರೇ ಕೋಣೆಯಲ್ಲಿ ಬೆಳಗಿನಿಂದ
"ಉಸಿರು ಹಿಡಿಯಿರಿ, ಬಿಡಿ" ಹೇಳಿ ಹೇಳಿ
ಬಸ್ಸಿಳಿದರೆ ಎದುರಿಗೇ ಗಾಜಿನ ಬಾಗಿಲು.
ತಾನಾಗಿ ತೆರೆಯುತ್ತದೆ. ಮುಖಕ್ಕೆ ತಂಪು.
ಹೋಗುವುದು ತಂಪಿಗೆ,
ಬರುವುದು ಚೀಲದ ಸಮೇತ.

ನಾನೂರ ತೊಂಬತ್ತೈದಕ್ಕೆ ನಿಂಬೆ ಹಿಂಡುವ ಪ್ಲಾಸ್ಟಿಕ್ ಗಿಣಿ.
ಮೂರು ಬಣ್ಣದ ಸೌಟು, ಒಂದು ಕೊಂಡರೆ ಎರಡು ಕೊರಳಿಗೆ.
ದೀಪವಿರುವ ಉಗುರು ಕತ್ತರಿ.
ಯಾರ ಮಗುವಿಗೋ ಆದೀತೆಂದು ಒಂದು ನೀಲಿ ಫ್ರಾಕು;
ಆ ಮಗು ಇನ್ನೂ ಹುಟ್ಟಿಲ್ಲ,
ಅದರ ಅಪ್ಪ ಅಮ್ಮನಿಗೆ ಮದುವೆಯೂ ಆಗಿಲ್ಲ.

"ಕಾರ್ಗೋಗೆ ಹಾಕಿದರಾಯಿತು" ಎಂಬ ಒಂದು ಮಾತು
ಎಲ್ಲ ಪಾಪಕ್ಕೂ ಪರಿಹಾರ.
ಮಂಚದಡಿ ರಟ್ಟಿನ ಪೆಟ್ಟಿಗೆ ಒಂದು, ಎರಡು, ಮೂರು.
ಹಾಸಿಗೆ ಇದ್ದಷ್ಟೇ ಕಾಲು ಚಾಚು ಅಂದರು ಹಿರಿಯರು,
ಹಾಸಿಗೆಯ ಕೆಳಗೆ ಏನಿದೆ ಅಂತ ಬಗ್ಗಿ ನೋಡಲಿಲ್ಲ.

ನೋಡಿದವಳು ಶಿರ್ವದ ಐರಿನ್, ನನ್ನ ಕೋಣೆಯವಳು,
ಕಿವಿಯ ಓಲೆ ಉರುಳಿಹೋಯಿತೆಂದು.
ಓಲೆ ಸಿಗಲಿಲ್ಲ. ಉಗುರು ಕತ್ತರಿ ಸಿಕ್ಕವು, ನಾಲ್ಕು.
ನೆಲದ ಮೇಲೆ ಸಾಲಾಗಿ ಜೋಡಿಸಿ ಕೇಳಿದಳು:
"ವಾರಿಜಾ, ನಿನಗೆ ಎಷ್ಟು ಕೈ?"

ಅವತ್ತೇ ಬಿಲ್ಲಿನ ಬೆನ್ನಲ್ಲಿ ಬರೆದೆ:
ಎಪ್ಪತ್ತು ದಿನ.
ಅಕ್ಕಿ, ಹಾಲು, ಬಸ್ಸು, ಮನೆಗೆ ಫೋನು.
ಉಳಿದದ್ದೇನು ಕಂಡರೂ
ಮೂರು ರಾತ್ರಿ ಮಲಗಿ ಎದ್ದು ಕೇಳಬೇಕು: ಇನ್ನೂ ಬೇಕಾ?
ತಪ್ಪಿದರೆ ಅಷ್ಟೇ ದುಡ್ಡು ಐರಿನ್‌ಳ ಉಪ್ಪಿನಕಾಯಿ ಭರಣಿಗೆ.

ಮೊದಲ ವಾರ ಸಲೀಸು.
ಒಂಬತ್ತನೆಯ ದಿನ ಅಂಗೈ ತುರಿಸಿತು, ಸುಳ್ಳಲ್ಲ.
ಅಂಗೈ ತುರಿಸಿದರೆ ದುಡ್ಡಿನ ಸೂಚನೆ ಎನ್ನುತ್ತಾರೆ ನಮ್ಮ ಕುಂದಾಪುರದ ಕಡೆ,
ಬರುವುದಕ್ಕೋ ಹೋಗುವುದಕ್ಕೋ ಯಾರೂ ಬಿಡಿಸಿ ಹೇಳಿಲ್ಲ.
ಹದಿನಾರಕ್ಕೆ ಒಂದು ತಲೆಪಿನ್ನು, ಇನ್ನೂರು ಬೈಸ.
ಭರಣಿ ಕಿಣಿ ಎಂದಿತು.
ಹದಿನೇಳಕ್ಕೆ ಅದೇ ಪಿನ್ನಿನ ಜೋಡಿ,
ಪಾಪ, ಒಂಟಿಯಾಯಿತಲ್ಲ ಅಂತ.

ಇಪ್ಪತ್ತನಾಲ್ಕೋ ಐದೋ, ಒಂದು ಗುರುವಾರ
ಪರ್ಸು ಮನೆಯಲ್ಲೇ ಬಿಟ್ಟು ಹೋದೆ.
ಪಿಂಗಾಣಿಯ ಸಾಲು, ಪರದೆಯ ಸಾಲು, ಸೋಪಿನ ಸಾಲು ಸುತ್ತಿ
ಬರಿಗೈಯಲ್ಲಿ ಕೌಂಟರಿಗೆ ಬಂದೆ, ಅಭ್ಯಾಸಬಲ.
ನೊವಾಖಾಲಿಯ ಮೊತಾಲೆಬ್ ಎಂದಿನ ಹಾಗೆ ತಲೆಯೆತ್ತದೆ ಕೇಳಿದ:
"ಔರ್ ಕುಛ್, ದೀದಿ?"

ಇನ್ನೇನು ಬೇಕು.
ಬೆಳಗಿನಿಂದ ರಾತ್ರಿಯತನಕ
ಹೀಗೆ ನನ್ನನ್ನು ಕೇಳುವವನು ಇವನೊಬ್ಬನೇ,
ಆ ಒಂದು ಪ್ರಶ್ನೆಯ ಬೆಲೆ
ನಾನೂರ ತೊಂಬತ್ತೈದು.

"ಏನಿಲ್ಲ, ತಂಪಿಗೆ ಬಂದೆ" ಅಂದೆ.
ಆಗ ತಲೆಯೆತ್ತಿದ. ಜೂನಿನಲ್ಲೂ ಸ್ವೆಟರು.
ನೆತ್ತಿಯ ಮೇಲೇ ಏಸಿಯ ಬಾಯಿ, ಹನ್ನೆರಡು ತಾಸು.
ಕತ್ತು ತಿರುಗದೆ, ಇಡೀ ಮೈ ತಿರುಗಿಸಿ ನಕ್ಕ:
ಒಯ್ಯಿರಿ ದೀದಿ ಎಷ್ಟು ಬೇಕಾದರೂ,
ಇದಕ್ಕೆ ಬಿಲ್ಲಿಲ್ಲ.

ಎಪ್ಪತ್ತು ಮುಗಿಯಿತೋ ಇಲ್ಲವೋ ಲೆಕ್ಕ ತಪ್ಪಿದೆ.
ಭರಣಿಯಲ್ಲಿ ಆರು ರಿಯಾಲು ಚಿಲ್ಲರೆ, ಸ್ವಲ್ಪ ಮಾವಿನ ವಾಸನೆ.
ಫ್ರಾಕು ಅಲ್ಲೇ ಇದೆ.
ನಿನ್ನೆ ಗಿಣಿಯನ್ನು ತೆಗೆದು ಮೊದಲ ಸಲ ನಿಂಬೆ ಹಿಂಡಿದೆ,
ಕೊಕ್ಕು ಮುರಿಯಿತು. ಕೈಯಲ್ಲೇ ಹಿಂಡಿದೆ.

"ನಿನಗೆ ಉಪ್ಪು ಬೇಕಾ, ಸಕ್ಕರೆಯಾ?" ಐರಿನ್ ಕೇಳಿದಳು.
ನಾನು ಲೋಟ ಹಿಡಿದು ನಿಂತೇ ಇದ್ದೆ.
"ಬೇಗ ಹೇಳು ಮಾರಾಯ್ತಿ,
ಇದಕ್ಕೂ ಮೂರು ರಾತ್ರಿಯಾ?"