ಉಕ್ಕಿದ ಗುರುತು

ಮಲಿಯಾಬಾದ ಕೋಟೆಯೊಳಗೆ, ಕಲ್ಲಾನೆಯ ಬೆನ್ನ ಹಿಂದೆ
ಮೂರನೇ ಗುಂಡಿ.
ತೋಪಿನ ಗುಂಡಾದರೂ ಸಿಕ್ಕೀತೆಂದು ಸಾಹೇಬರು ಕಾದರು.
ಸಿಕ್ಕದ್ದು ಬೂದಿ, ಮೂರು ಒಲೆಗಲ್ಲು,
ಬುಟ್ಟಿಗಟ್ಟಲೆ ಬೋಕಿ.

ನನ್ನ ಕೆಲಸ ನಂಬರು ಬರೆಯುವುದು.
ಬಿಳಿ ಬಣ್ಣ, ಸಣ್ಣ ಕುಂಚ, ಒಳಮೈಯ ಮೂಲೆಗೆ:
ಗುಂಡಿ ಮೂರು, ಪದರ ನಾಲ್ಕು, ಚೂರು ಇನ್ನೂರ ಹನ್ನೊಂದು.
ಉರುಕುಂದಮ್ಮ ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ತೊಳೆತೊಳೆದು
ಗೋಣಿತಾಟಿನ ಮೇಲೆ ಬೋರಲು ಹಾಕುತ್ತಾಳೆ,
ಮನೆಯಲ್ಲಿ ಉಂಡ ಗಂಗಾಳ ಹಾಕಿದ ಹಾಗೇ.

"ಇದನ್ನ ಉಜ್ಜಂಗಿಲ್ರಿ" ಅಂದಳು ಒಂದು ದಿನ.
ಗಡಿಗೆಯ ಅರ್ಧ ಹೊಟ್ಟೆ, ಮಸಿ ಕಟ್ಟಿದ್ದು.
ಮಸಿಯ ಮೇಲೆ ಕಂಠದಿಂದ ಇಳಿದ ಕಂದು ಗೆರೆ
ನಡುವೆ ಕವಲೊಡೆದು
ತಳ ಮುಟ್ಟುವ ಮೊದಲೇ ಸುಟ್ಟು ನಿಂತಿತ್ತು.
"ಉಕ್ಕ್ಯಾದ. ಅಂಬಲಿ ಇರಬೇಕು, ಇಲ್ಲಾ ನುಚ್ಚು.
ಆಕಿ ಒಲಿ ಮುಂದ ಇದ್ದಿಲ್ಲ ಆಗ."

ಖಾಜಾಬಿ ನಕ್ಕಳು: "ಎಲ್ಲಿ ಹೋಗಿದ್ಲಂತ ಕೇಳು."

ಅಗಸೆಯಲ್ಲಿ ಕುದುರೆ ಸದ್ದಾಗಿತ್ತೇನೋ ಅಂದೆ ನಾನು.
ಕೋಟೆಯೆಂದರೆ ನನಗಿನ್ನೂ ಕುದುರೆಯೇ.
ಉರುಕುಂದಮ್ಮ ತಲೆಯೆತ್ತಲಿಲ್ಲ.
"ಕೂಸು ಎದ್ದಿರ್ತದ್ರಿ. ಇಲ್ಲಾ ಕಟಗಿ ತರಾಕ.
ಇಲ್ಲಾ ಸುಮ್ಮನ
ಬಾಗಿಲ್ದಾಗ ಗಾಳಿಗೆ ನಿಂತಿರ್ತಾಳ.
ನಿಲ್ಲಬಾರದೇನು?"

ವಹಿಯಲ್ಲಿ ಬಣ್ಣಕ್ಕೆ ಜಾಗವಿದೆ, ದಪ್ಪಕ್ಕಿದೆ,
ಕಂಠದ ಸುತ್ತಳತೆಗೆ, ಸುಟ್ಟ ಬಗೆಗೆ.
ಷರಾ ಎಂಬಲ್ಲಿ ಕಿರುಬೆರಳಷ್ಟು ಖಾಲಿ.
'ಉಕ್ಕಿದ್ದು' ಎಂದು ಬರೆದೆ.
ಸಾಹೇಬರು ಕೆಂಪು ಪೆನ್ನಿನಲ್ಲಿ ಪಕ್ಕಕ್ಕೊಂದು ಪ್ರಶ್ನೆ ಹಾಕಿದರು,
ಹೊಡೆದು ಹಾಕಲಿಲ್ಲ.

ಮುಂದಿನ ಚೂರಿಗೆ ಬಿರುಕು. ಬಿರುಕಿನ ಆಚೆಗೊಂದು
ಈಚೆಗೊಂದು ತೂತು, ಕಾದ ಮೊಳೆಯಷ್ಟು ಸಣ್ಣವು.
ದಾರ ಪೋಣಿಸಿ ಬಿಗಿದು ಕಟ್ಟಿದ್ದಾರೆ.
ಅಡಿಗೆಗಾಗದು, ಕಾಳಿಡಲು ಆದೀತು
ಎಂದು ಯಾರೋ ಯಾರಿಗೋ ಹೇಳಿದ್ದು
ಆ ಎರಡು ತೂತುಗಳಲ್ಲಿ ಹೇಗೆ ಉಳಿದಿದೆ ನೋಡು.
ಇದರ ಬಗ್ಗೆ ಉರುಕುಂದಮ್ಮ ಏನೂ ಹೇಳಲಿಲ್ಲ.
ತೂತಿನೊಳಗಿನ ಮಣ್ಣನ್ನು ಮಾತ್ರ
ಪೊರಕೆಕಡ್ಡಿಯಿಂದ, ಕಿವಿ ತೆಗೆದಂತೆ, ತೆಗೆದಳು.

ಆನೆಯ ನೆರಳು ಕಾಲಿನಷ್ಟಕ್ಕೆ ಕುಗ್ಗಿದಾಗ
ಬುತ್ತಿ ಬಿಚ್ಚಿದೆವು. ಕಟಕ್‌ರೊಟ್ಟಿ, ಶೇಂಗಾ ಹಿಂಡಿ,
ಖಾಜಾಬಿಯ ನಿಂಬೆ ಉಪ್ಪಿನಕಾಯಿ.
ಉರುಕುಂದಮ್ಮನ ಡಬ್ಬಿಯಲ್ಲಿ
ಪುಂಡಿಪಲ್ಯ ತಳ ಹಿಡಿದಿತ್ತು.

ಎಲ್ಲರೂ ಹಾಕಿಸಿಕೊಂಡೆವು.
ಯಾರೂ ಕೇಳಲಿಲ್ಲ.